ಅತ್ರಾಸದ ಡಬ್ಬಿ

2013ರಲ್ಲಿ ನಾನು ಮತ್ತು ನನ್ನ ಪತ್ನಿ ಕಠ್ಮಂಡುವಿಗೆ ಹೋಗಿದ್ದೆವು. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು, ಅವರಲ್ಲಿ ಹಲವರು ಕರ್ನಾಟಕದವರೇ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನಾದರೂ ಕಣ್ಣಾರೆ ಕಂಡದ್ದು ಅಂದೇ. ದರ್ಶನ ಮುಗಿಸಿ ಬರುವಾಗ ದಾರಿಯ ಅಂಚಿನಲ್ಲಿ ಹೆಂಗಸೊಬ್ಬಳು ಬಾಣಲೆಯ ಮುಂದೆ ಕುಳಿತಿದ್ದಳು. ನೆನೆಸಿದ ಅಕ್ಕಿಯನ್ನು ರುಬ್ಬಿ ಸಕ್ಕರೆ, ತುಪ್ಪ ಬೆರೆಸಿದ ಹಿಟ್ಟನ್ನು ಕಾದ ಎಣ್ಣೆಗೆ ಬರಿಗೈಯಿಂದಲೇ ಬಳೆಯಾಕಾರದಲ್ಲಿ ಬಿಟ್ಟು, ಕಡ್ಡಿಯಿಂದ ಮಗುಚುತ್ತಿದ್ದಳು. ಸೇಲ್ ರೋಟಿ ಎಂದು ಅದರ ಹೆಸರು. ದಸೈಂ, ತಿಹಾರ್ ಹಬ್ಬಗಳಿಗೆ ನೇಪಾಳದ ಮನೆಗಳಲ್ಲಿ ಅದು ಆಗಲೇಬೇಕು.

ಪತ್ನಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಎರಿಯಪ್ಪದ ತಂಗಿ" ಎಂದಳು. ನನಗೆ ಮಾತ್ರ ನೆನಪಾದದ್ದು ಒಂದು ತಗಡಿನ ಡಬ್ಬಿ. ಆ ಕಥೆಯನ್ನು ಅಲ್ಲಿಯವರೆಗೆ ಅವಳಿಗೂ ಹೇಳಿರಲಿಲ್ಲ.

1982ರಲ್ಲಿ ಬಿ.ಎಡ್. ಓದಲು ಯಲ್ಲಾಪುರದ ನಮ್ಮ ಹಳ್ಳಿಯಿಂದ ಧಾರವಾಡಕ್ಕೆ ಹೊರಟಾಗ ಆಯಿ ಅತ್ರಾಸ ಮಾಡಿಕೊಟ್ಟಿದ್ದಳು. ಅತ್ರಾಸವೆಂದರೆ ಒಂದು ಹೊತ್ತಿನ ಕೆಲಸವಲ್ಲ. ಅಕ್ಕಿಯನ್ನು ನೆನೆಸಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಬೇಕು. ತೇವ ಪೂರ್ತಿ ಆರುವ ಮೊದಲೇ ಕುಟ್ಟಿ ಜರಡಿ ಹಿಡಿಯಬೇಕು. ಆಮೇಲೆ ಬೆಲ್ಲದ ಪಾಕ. ಇರುವ ಕಷ್ಟವೆಲ್ಲ ಇಲ್ಲಿಯೇ. ಬಟ್ಟಲಿನ ನೀರಿಗೆ ಪಾಕದ ಒಂದು ಹನಿ ಬಿಟ್ಟು ಬೆರಳಿನಿಂದ ಕೂಡಿಸಿದರೆ ಅದು ಮೆತ್ತಗಿನ ಗೋಲಿಯಾಗಬೇಕು. ಪಾಕ ಏರಿದರೆ ಅತ್ರಾಸ ಕಲ್ಲು. ಇಳಿದರೆ ಎಣ್ಣೆಯಲ್ಲಿ ಚೂರುಚೂರು. ಆಯಿ ಬೆರಳು ಅದ್ದಿ ಕ್ಷಣದಲ್ಲಿ "ಆತು" ಎನ್ನುತ್ತಿದ್ದಳು. ಆ ಕ್ಷಣಕ್ಕೇ ಒಲೆಯಿಂದ ಇಳಿಸಬೇಕು. ಹಿಟ್ಟು ಕಲಸಿ ರಾತ್ರಿ ಇಟ್ಟು, ಮರುದಿನ ಬಾಳೆಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದು, ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಇಳಿಸುತ್ತಿದ್ದಳು. ನಮ್ಮ ಮನೆಯ ಬೆಲ್ಲ ಕಪ್ಪು. ಹಾಗಾಗಿ ಅತ್ರಾಸವೂ ಕಪ್ಪೇ. ಡಬ್ಬಿ ಕೈಗಿಡುತ್ತ, "ಎಲ್ಲರಿಗೂ ಕೊಡು ತಮಾ, ಒಬ್ನೇ ತಿನ್ನಡ" ಎಂದಿದ್ದಳು.

ಹಾಸ್ಟೆಲಿನಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಪಕ್ಕದ ಮಂಚದವನು ಬಗ್ಗಿ ನೋಡಿ, "ಏನೋ ಇದು, ಕುಳ್ಳು ತಂದೀಯೇನು?" ಎಂದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವನು ಕೆಟ್ಟವನೇನಲ್ಲ, ಮುಂದೆ ಒಳ್ಳೆಯ ಗೆಳೆಯನೇ ಆದ. ಆದರೆ ಧಾರವಾಡದ ಪೇಡೆಯ ಪೊಟ್ಟಣಗಳ ನಡುವೆ ನಮ್ಮ ಹಳ್ಳಿಯ ಆ ಕಪ್ಪು ಬಿಲ್ಲೆಗಳನ್ನು ಕಂಡು ನನಗೂ ನಾಚಿಕೆಯಾಯಿತು. ಮುಚ್ಚಳ ಹಾಕಿ ಡಬ್ಬಿಯನ್ನು ಮಂಚದಡಿಗೆ ನೂಕಿದೆ. ಮಳೆಗಾಲದ ತೇವಕ್ಕೆ ಬೂಸಲು ಹಿಡಿಯಿತು. ಒಂದು ರಾತ್ರಿ ಯಾರಿಗೂ ಕಾಣದಂತೆ ಎಲ್ಲವನ್ನೂ ಹಿತ್ತಲಿನ ಗಟಾರಕ್ಕೆ ಸುರಿದು ಬಂದೆ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಆಯಿ ಕೇಳಿದ ಮೊದಲ ಮಾತೇ, "ಹುಡುಗ್ರಿಗೆ ಸೇರ್ತಾ?" ಎಂಬುದು. ಎಲ್ಲರೂ ಕೇಳಿ ಕೇಳಿ ತಿಂದರು ಎಂದೆ. ಅದರ ಫಲವಾಗಿ ಹಿಂದಿರುಗುವಾಗ ನನ್ನ ಕೈಯಲ್ಲಿ ಎರಡು ಡಬ್ಬಿಗಳಿದ್ದವು!

ಅವುಗಳನ್ನು ಉಳಿಸಿದವನು ಕೋಲಾರದ ಕಡೆಯ ಒಬ್ಬ ಸಹಪಾಠಿ. ಮುಚ್ಚಳ ತೆರೆದವನೇ, "ಅಯ್ಯೋ, ಕಜ್ಜಾಯ!" ಎಂದು ಕೂಗಿದ. ನಮ್ಮಲ್ಲಿ ಕಜ್ಜಾಯವೆಂದರೆ ಸಿಹಿ ತಿಂಡಿಗಳಿಗೆಲ್ಲ ಸಲ್ಲುವ ಮಾತು. ಅವನ ಕಡೆ ಇದೊಂದಕ್ಕೇ ಆ ಹೆಸರು, ದೀಪಾವಳಿಗೆ ಇದಿಲ್ಲದೆ ಆಗದು. ನಿಂತಲ್ಲೇ ಆರು ತಿಂದ. ಕುಳ್ಳು ಎಂದವನೂ ಕೈಚಾಚಿದ. ಹೀಗೆ ನನ್ನ ಸುಳ್ಳು ತಡವಾಗಿ ಅರ್ಧ ನಿಜವಾಯಿತು.

ಆಮೇಲೆ ಹೋದಲ್ಲೆಲ್ಲ ಅದೇ ಅತ್ರಾಸ ಬೇರೆ ಬೇರೆ ಹೆಸರಿನಲ್ಲಿ ಎದುರಾಯಿತು. ಸಿದ್ದಾಪುರದ ಶಾಲೆಯಿಂದ ನನ್ನೊಡನೆ ಮಧುರೆಯ ಪ್ರವಾಸಕ್ಕೆ ಬಂದವರಿಗೆ ಅಲ್ಲಿಯ ಅಧಿರಸಂ ನೆನಪಿರಬಹುದು. ತೆಲುಗರಿಗೆ ಅದು ಸಂಕ್ರಾಂತಿಯ ಅರಿಸೆಲು, ಒಡಿಶಾದವರಿಗೆ ಅರಿಸಾ ಪಿಠಾ. ಪುಣೆಯ ಬಂಧುಗಳ ಮನೆಯಲ್ಲಿ ದೀಪಾವಳಿಗೆ ಅನಾರಸೆ. ಅದಕ್ಕೆ ಅಕ್ಕಿಯನ್ನು ಮೂರು ದಿನ ನೆನೆಸುತ್ತಾರೆ, ಒಂದು ಮೈಗೆ ಗಸಗಸೆ ಹಚ್ಚಿ, ಮಗುಚದೆ ಕರಿಯುತ್ತಾರೆ. ಚೆಂದವಾಗಿ ಅರಳುತ್ತದೆ, ಒಪ್ಪುತ್ತೇನೆ. ಅಮೆರಿಕೆಯಲ್ಲಿರುವ ನನ್ನ ವಿದ್ಯಾರ್ಥಿಗಳು ಡೋನಟ್ ಅನ್ನೂ ಈ ಸಾಲಿಗೆ ಸೇರಿಸಿ ಎಂದಾರು. ಕೋಪಿಸಿಕೊಳ್ಳಬೇಡಿ, ಯೀಸ್ಟು ಉಬ್ಬಿಸಿದ ಮೈದಾ ಹಿಟ್ಟಿನಲ್ಲಿ ಗಾಳಿಯೇ ಹೆಚ್ಚು.

ಆಯಿ 1999ರಲ್ಲಿ ತೀರಿಕೊಂಡಳು. ಗಟಾರದ ವಿಷಯವನ್ನು ಅವಳಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಹೇಳಿದ್ದರೆ ನಗುತ್ತಿದ್ದಳೇನೋ, ನಗದೆಯೂ ಇರಬಹುದಿತ್ತು.

ಶಿರಸಿಯ ನಮ್ಮ ಮನೆಯಲ್ಲಿ ಪ್ರತಿವರ್ಷ ಅವಳ ತಿಥಿಗೆ ಅತ್ರಾಸ ಮಾಡುತ್ತೇವೆ. ಪತ್ನಿಯ ಬೆರಳುಗಳು ಈಗ ಸೆಟೆದುಕೊಳ್ಳುತ್ತವೆ. ಆದ್ದರಿಂದ ಕಳೆದ ವರ್ಷ ಒಲೆಯ ಮುಂದೆ ನಾನೇ ಕುಳಿತೆ. ಹನಿಯ ಮೇಲೆ ಹನಿ ಬಿಟ್ಟು ಪರೀಕ್ಷಿಸುವಷ್ಟರಲ್ಲಿ ಪಾಕ ಏರಿಯೇ ಬಿಟ್ಟಿತು. ಪುರೋಹಿತರು ಏನೂ ಅನ್ನಲಿಲ್ಲ. ಒಂದು ಲೋಟ ಹಾಲು ಕೇಳಿ, ಅದರಲ್ಲಿ ಅದ್ದಿಕೊಂಡು ತಿಂದರು. ಅಂಗಳದಲ್ಲಿಟ್ಟ ಎಲೆಯಿಂದ ಮಾತ್ರ ಕಾಗೆ ಮೊದಲು ಎತ್ತಿಕೊಂಡದ್ದು ಅತ್ರಾಸವನ್ನೇ. ಈ ಸಲದ ತಿಥಿಗೆ ಇನ್ನು ಎರಡು ವಾರವಿದೆ. ಅಕ್ಕಿ ನೆನೆಸುವವನು ನಾನೇ. ಪಾಕದ ಹದ ಬಲ್ಲವರು ಯಾರಾದರೂ ಅಷ್ಟರೊಳಗೆ ನಮ್ಮ ಮನೆಯ ಕಡೆ ಬಂದರೆ, ಒಲೆಯ ಪಕ್ಕದ ಮಣೆ ಖಾಲಿಯಿದೆ.