ಏನು ವಿಶೇಷ?

ನಮ್ಮ ಕಡೆ ಹೆಂಗಸರು ಊರು ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕು. ಮದುವೆಯಾಗಬಹುದು, ತಿಥಿಯಾಗಬಹುದು, ಮಗಳ ಬಾಣಂತನವಾಗಬಹುದು, ಕೋಲಾರದಲ್ಲಿ ಡಾಕ್ಟರಿಗೆ ತೋರಿಸುವುದಾಗಬಹುದು. ಯಾವುದೂ ಇಲ್ಲದಿದ್ದರೆ ಹರಕೆಯಾದರೂ ಇರಬೇಕು. ಕೈಯಲ್ಲಿ ಚೀಲ ಹಿಡಿದು ಬಸ್ಸಿಗೆ ನಿಂತ ಹೆಂಗಸನ್ನು ಕಂಡರೆ ಯಲ್ದೂರಿನಲ್ಲಿ ಮೊದಲು ಕೇಳುವ ಮಾತು ‘ಎಲ್ಲಿಗೆ?’ ಎಂದಲ್ಲ, ‘ಏನು ವಿಶೇಷ?’ ಎಂದು. ಗಂಡಸರನ್ನು ಯಾರೂ ಹೀಗೆ ಕೇಳುವುದಿಲ್ಲ. ‘ಸ್ವಲ್ಪ ಕೆಲಸ ಇತ್ತು’ ಎಂದು ಅವರು ಹೊರಟುಬಿಡುತ್ತಾರೆ. ಆ ಸ್ವಲ್ಪ ಕೆಲಸ ಏನೆಂಬುದು ಅವರ ಹೆಂಡತಿಯರಿಗೂ ತಿಳಿದಿರುವುದಿಲ್ಲ.

ನನ್ನ ತಂಗಿಯ ಮಗಳು ಲಂಡನ್ನಿನಲ್ಲಿದ್ದಾಳೆ. ಒಂದು ಸೋಮವಾರ ಫೋನಿನಲ್ಲಿ ಮಾತಾಡುತ್ತ, ‘ದೊಡ್ಡಮ್ಮಾ, ಶನಿವಾರ ಭಾನುವಾರ ಸ್ಪೇನಿಗೆ ಹೋಗಿಬಂದೆ’ ಎಂದಳು. ನಾವು ಶ್ರೀನಿವಾಸಪುರದ ಸಂತೆಗೆ ಹೋಗಿಬಂದೆವು ಎನ್ನುವಷ್ಟೇ ಸಲೀಸಾಗಿ! ಅವಳೂ ಅವಳ ಗೆಳತಿಯೂ ಇಬ್ಬರೇ. ವಿಮಾನದಲ್ಲಿ ಎರಡು ಗಂಟೆ ಕುಳಿತರೆ ಬಾರ್ಸಿಲೋನಾ. ಅಲ್ಲಿ 1882ರಲ್ಲಿ ಕಟ್ಟಲು ಶುರುಮಾಡಿ ಇನ್ನೂ ಮುಗಿಯದ ಒಂದು ದೊಡ್ಡ ಚರ್ಚು ನೋಡಿದರಂತೆ, ಹಣ್ಣಿನ ಮಾರ್ಕೆಟ್ಟಿನಲ್ಲಿ ಅಲೆದರಂತೆ. ‘ಏನು ವಿಶೇಷ ಇತ್ತು?’ ಎಂದು ನನ್ನ ಬಾಯಿಂದಲೂ ಬಂತು. ‘ವಿಶೇಷ ಏನಿಲ್ಲ, ಸುಮ್ಮನೆ’ ಎಂದಳು. ಆ ‘ಸುಮ್ಮನೆ’ ನನ್ನ ಕಿವಿಯಲ್ಲಿ ನಾಲ್ಕು ದಿನ ಉಳಿಯಿತು.

ಇದನ್ನು ನಾನು ಹೇಳಿದ್ದು ನನ್ನ ಗೆಳತಿಗೆ. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ಅಕ್ಕಾ ಎನ್ನುತ್ತಾಳೆ. ನಾನು ಮೇಷ್ಟರ ಕೆಲಸದಿಂದ ನಿವೃತ್ತಳಾದವಳು. ಅವಳ ಕೆಲಸಕ್ಕೆ ನಿವೃತ್ತಿ ಎಂಬುದಿಲ್ಲ. ಅವರ ಮನೆಯಲ್ಲಿ ರೇಷ್ಮೆಹುಳು. ಹುಳು ಸಾಕಿದವರಿಗೆ ನಾನು ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು ಹೇಳುತ್ತೇನೆ: ಮೊಟ್ಟೆಯೊಡೆದು ಬಂದ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ನಿದ್ದೆ ಹೋಗಿ ಪೊರೆ ಬಿಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಅದು ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಸುರಿದ ಹಾಗಿರುತ್ತದೆ. ಸೊಪ್ಪು ತಪ್ಪಿದರೆ ಬೆಳೆ ಹೋಯಿತು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸುವವರೆಗೆ ಬಾಣಂತಿಯನ್ನು ನೋಡಿಕೊಂಡ ಹಾಗೆ. ಅದರ ಜೊತೆಗೆ ಎರಡು ಹೊತ್ತು ಡೈರಿಗೆ ಹಾಕುವ ಹಾಲು. ಇಪ್ಪತ್ತಾರು ವರ್ಷಗಳಿಂದ ಅವಳು ತವರಿನಲ್ಲೂ ಒಂದು ರಾತ್ರಿಗಿಂತ ಹೆಚ್ಚು ಉಳಿದವಳಲ್ಲ.

‘ನಾವೂ ಸುಮ್ಮನೆ ಹೋಗೋಣ ಅಕ್ಕಾ’ ಎಂದಳು. ‘ಸ್ಪೇನಿಗೆ ಬೇಡ, ಮೈಸೂರಿಗೆ.’

ಬಸ್ಸಿನ ದುಡ್ಡಿನ ಯೋಚನೆ ಇರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆಲ್ಲ ಪ್ರಯಾಣ ಉಚಿತವಾಯಿತಲ್ಲ. ಟಿಕೆಟ್ಟೇನೋ ಸಿಕ್ಕಿತು, ಕಾರಣವನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕಿತ್ತು. ಅವಳ ಓರಗಿತ್ತಿ ಒಳ್ಳೆಯ ಮನಸ್ಸಿನಿಂದಲೇ ಉಪಾಯ ಹೇಳಿಕೊಟ್ಟಳು: ‘ಚಾಮುಂಡಿ ಬೆಟ್ಟಕ್ಕೆ ಹರಕೆ ಅಂದುಬಿಡು, ಯಾರೂ ತುಟಿ ಬಿಚ್ಚೋದಿಲ್ಲ.’ ಗೆಳತಿ ಒಪ್ಪಲಿಲ್ಲ. ‘ಅಮ್ಮನ ಹೆಸರಲ್ಲಿ ಸುಳ್ಳು ಯಾಕೆ? ನೋಡಬೇಕು ಅನ್ನಿಸಿದೆ, ಹೋಗ್ತೀನಿ’ ಎಂದು ಗಂಡನಿಗೆ ನೇರವಾಗಿ ಹೇಳಿದಳು. ಆತ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ‘ಹಸು ಯಾರು ಕರೀತಾರೆ?’ ಎಂದರಂತೆ. ಅದು ಒಪ್ಪಿಗೆ ಎಂದು ನಾವಿಬ್ಬರೂ ತಿಳಿದೆವು.

ಒಂದು ಬೆಳೆಯ ಗೂಡು ಮಾರಿ, ಹುಳುಮನೆ ತೊಳೆದು, ಮುಂದಿನ ಚಾಕಿ ಹುಳು ಬರುವುದರೊಳಗಿನ ಬಿಡುವನ್ನು ನೋಡಿ ಶನಿವಾರ ನಸುಕಿಗೆ ಹೊರಟೆವು. ಮಂಗಳವಾರ ಚಾಕಿ ಬರುವುದಿತ್ತು. ಕೋಲಾರ, ಬೆಂಗಳೂರು, ಅಲ್ಲಿಂದ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ತಂಗಿಯ ಮಗಳು ಇನ್ನೊಂದು ದೇಶ ಮುಟ್ಟುವ ಹೊತ್ತಿನಲ್ಲಿ ನಾವಿನ್ನೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿದ್ದೆವು. ಕಂಡಕ್ಟರು ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನೆಲ್ಲ ಗೆಳತಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು.

ಮೈಸೂರಿನ ಲಾಡ್ಜೊಂದರ ಗುಮಾಸ್ತ ನಮ್ಮ ಬೆನ್ನ ಹಿಂದೆ ಕಣ್ಣಾಡಿಸಿ, ‘ಜೊತೆಯಲ್ಲಿ ಗಂಡಸರು ಯಾರೂ ಇಲ್ಲವಾ?’ ಎಂದ. ಇಲ್ಲವೆಂದೆ. ‘ಏನು ವಿಶೇಷ, ಮದುವೆಯಾ?’ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದರೂ ಆ ಪ್ರಶ್ನೆ ನಮ್ಮನ್ನು ಬಿಟ್ಟಿರಲಿಲ್ಲ. ರೂಮಿಲ್ಲ ಎಂದ. ಎರಡನೆಯ ಕಡೆ ಒಬ್ಬ ಹೆಂಗಸು ಕುಳಿತಿದ್ದಳು. ಆಧಾರ್ ಕಾರ್ಡು ನೋಡಿ ಕೀಲಿಕೈ ಕೊಟ್ಟಳು, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆಂದಷ್ಟೇ ಹೇಳಿದಳು.

ಸಂಜೆ ದೇವರಾಜ ಮಾರುಕಟ್ಟೆ. ಕುಂಕುಮ, ಅರಿಶಿನದ ರಾಶಿಗಳು, ಮಾರು ಲೆಕ್ಕದಲ್ಲಿ ಅಳೆಯುವ ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ. ಇಷ್ಟೆಲ್ಲ ಇರುವಾಗ ನಮ್ಮವಳು ಹೋಗಿ ವಿಚಾರಿಸಿದ್ದು ಟೊಮೇಟೊ ಧಾರಣೆಯನ್ನು! ಕೋಲಾರದವರ ಬುದ್ಧಿ ಎಲ್ಲಿಗೆ ಹೋದರೂ ಬಿಡುವುದಿಲ್ಲ. ಕೋಲಾರದ ಮಂಡಿಯಲ್ಲಿ ಎಷ್ಟು, ಇಲ್ಲಿ ಎಷ್ಟು ಎಂದು ಲೆಕ್ಕ ಹಾಕಿ, ನಡುವೆ ತಿನ್ನುವವರು ಯಾರೆಂದು ಹೂವಿನವಳಿಗೂ ವಿವರಿಸಿ ಬಂದಳು.

ಅಲ್ಲಿಂದ ಮೈಸೂರು ಸಿಲ್ಕ್ ಅಂಗಡಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ಕಾರ್ಖಾನೆ ಸ್ಥಾಪಿಸಿದರು. ಅದರ ಸೀರೆ ಇವತ್ತಿಗೂ ಶುದ್ಧ ರೇಷ್ಮೆ, ಚಿನ್ನದ ಜರಿ. ಬೆಲೆಯ ಚೀಟಿಯನ್ನು ನಾನು ನೋಡಿ ಹಾಗೇ ತಿರುಗಿಸಿಟ್ಟೆ. ಗೆಳತಿ ಚೀಟಿ ನೋಡಲೇ ಇಲ್ಲ. ಹಸಿರು ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಎಳೆ ನೋಡಿ, ‘ಇದಕ್ಕೆ ನನ್ನ ಎಷ್ಟು ರಾತ್ರಿ ನಿದ್ದೆ ಹೋಗಿದೆಯೋ ಅಕ್ಕಾ’ ಎಂದಳು. ಇಪ್ಪತ್ತಾರು ವರ್ಷ ಗೂಡು ಬಿಡಿಸಿದ ಕೈ ಅದು. ಆ ಸೀರೆಯನ್ನು ಅಷ್ಟು ಹತ್ತಿರದಿಂದ ಮುಟ್ಟಿದ್ದು ಅದೇ ಮೊದಲು. ಅಂಗಡಿಯ ಹುಡುಗಿ ಬೇಸರಿಸದೆ ಇನ್ನೂ ನಾಲ್ಕು ಸೀರೆ ಬಿಡಿಸಿ ಹಾಸಿದಳು.

ಭಾನುವಾರ ಬೆಳಿಗ್ಗೆ ಚಾಮುಂಡಿಯ ದರ್ಶನ, ಹರಕೆಯಿಲ್ಲದೆ. ಆಮೇಲೆ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ಈಗಿನದು ಮುಗಿದದ್ದು 1912ರಲ್ಲಿ. ಕಟ್ಟಡದ ನಕ್ಷೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷನದು. ಕಟ್ಟಿಸಲು ಆರಂಭಿಸಿದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಗಂಡ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತೇ ವರ್ಷ. 1902ರವರೆಗೆ ರಾಜ್ಯ ನೋಡಿಕೊಂಡವರು ಆಕೆಯೇ. ಕಲ್ಯಾಣ ಮಂಟಪದ ಗಾಜಿನ ಚಾವಣಿಯ ನವಿಲುಗಳನ್ನು ಕತ್ತೆತ್ತಿ ನೋಡುತ್ತ ಇದನ್ನೆಲ್ಲ ಹೇಳಿದೆ. ಪಾಠ ಹೇಳುವ ಚಪಲ ನನಗೆ ಇನ್ನೂ ಹೋಗಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಟರೆ ರಾತ್ರಿ ಊರು ಸೇರಬಹುದಿತ್ತು. ಗೇಟಿನ ಬಳಿ ಬಾಚಣಿಗೆ ಮಾರುವ ಹುಡುಗ, ‘ಇವತ್ತು ಭಾನುವಾರ, ಏಳು ಗಂಟೆಗೆ ದೀಪ ಹಾಕ್ತಾರಮ್ಮಾ, ನೋಡದೆ ಹೋಗ್ತೀರಾ?’ ಎಂದ. ಗೆಳತಿ ನನ್ನ ಮುಖ ನೋಡಿದಳು. ಆಮೇಲೆ ಮರದ ನೆರಳಿಗೆ ಹೋಗಿ ಮನೆಗೆ ಫೋನು ಮಾಡಿದಳು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

‘ಯಾಕೆ, ಏನಾಯ್ತು?’

‘ಏನೂ ಆಗಿಲ್ಲ. ದೀಪ ನೋಡಬೇಕು.’

‘ನಾಳೆ ಹಾಲು?’

‘ನೀವೇ ಕರೀರಿ. ಕರು ಬಿಟ್ಟು ಕರೆದರೆ ಒದೆಯೋದಿಲ್ಲ.’

ಫೋನಿಟ್ಟಾಗ ಅವಳ ಕೈ ನಡುಗುತ್ತಿತ್ತು. ಕಡಲೆಕಾಯಿ ಕೊಂಡು ಅರಮನೆಯ ಅಂಗಳದಲ್ಲಿ ಕುಳಿತೆವು. ಕತ್ತಲಾಯಿತು. ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಂಡವು. ಸುತ್ತಲಿದ್ದ ಸಾವಿರಾರು ಜನರ ಬಾಯಿಂದ ಒಂದೇ ‘ಹಾ!’ ಬಂತು.

ನನಗೆ ತಡೆಯಲಿಲ್ಲ, ಇನ್ನೊಂದು ಪಾಠ ಹೇಳಿದೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದದ್ದು 1902ರಲ್ಲಿ, ಇದೇ ಮಹಾರಾಣಿಯ ಆಡಳಿತದಲ್ಲಿ. ಆ ಕರೆಂಟು ಮೊದಲು ಹೋದದ್ದು ಈ ಅರಮನೆಗಲ್ಲ, ನಮ್ಮ ಕೋಲಾರದ ಚಿನ್ನದ ಗಣಿಗೆ. ಗಣಿ 2001ರಲ್ಲಿ ಮುಚ್ಚಿತು, ದೀಪ ಇಲ್ಲಿ ಉರಿಯುತ್ತಿದೆ.

‘ಹಾಗಾದರೆ ನಮ್ಮ ಕಡೆಯವರಿಗೇ ಮೊದಲು ಕೊಟ್ಟರು ಅನ್ನಿ’ ಎಂದು ಅವಳು ಹೆಮ್ಮೆಯಿಂದ ಅರಮನೆಯನ್ನು ನೋಡಿದಳು.

ಸೋಮವಾರ ಸಂಜೆ ಮನೆ ಮುಟ್ಟಿದೆವು. ಹಸು ಒದ್ದಿರಲಿಲ್ಲವಂತೆ, ಹಾಲು ಮಾತ್ರ ಒಂದು ಲೀಟರು ಕಡಿಮೆ. ಮಂಗಳವಾರ ಚಾಕಿ ಬಂತು, ಅವಳು ಸೊಪ್ಪು ಕತ್ತರಿಸಲು ಕುಳಿತಳು. ಅಕ್ಕಪಕ್ಕದವರು ಬಂದು ‘ಏನು ವಿಶೇಷ, ಮೈಸೂರಿಗೆ ಹೋಗಿದ್ದಿರಂತೆ?’ ಎಂದರೆ, ಕತ್ತಿ ನಿಲ್ಲಿಸದೆ ‘ಸುಮ್ಮನೆ’ ಎನ್ನುತ್ತಿದ್ದಳು. ಎಲ್ಲರೂ ಹೋದ ಮೇಲೆ ಓರಗಿತ್ತಿ ಉಳಿದಳು. ಬಾಗಿಲ ಕಡೆ ಒಮ್ಮೆ ನೋಡಿ, ‘ಆ ಎರಡನೇ ಲಾಡ್ಜಿನಲ್ಲಿ ರೂಮಿಗೆ ಎಷ್ಟು ತಗೊಂಡರು?’ ಎಂದು ಮೆಲ್ಲಗೆ ಕೇಳಿದಳು.