ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ

ಅಪ್ಪಯ್ಯ ತೀರಿಕೊಂಡ ಮರುವರ್ಷ, ಎಂದರೆ ೨೦೧೭ರಲ್ಲಿ, ನಾವು ಅಣ್ಣತಮ್ಮಂದಿರು ಕುಳಿತು ಮನೆಯ ಆಸ್ತಿಯನ್ನು ಹಂಚಿಕೊಂಡೆವು. ತೋಟ, ಗದ್ದೆ, ಕೊಟ್ಟಿಗೆ, ತಾಮ್ರದ ಹಂಡೆ, ಬೀಟೆಯ ಮಂಚ, ಎಲ್ಲವೂ ಪಾಲುಪಟ್ಟಿಯಲ್ಲಿ ಸಾಲುಸಾಲಾಗಿ ಸೇರಿ ಒಬ್ಬೊಬ್ಬರ ಹೆಸರಿನ ಕೆಳಗೆ ನೆಲೆಗೊಂಡುವು. ಯಾರ ಪಾಲಿಗೂ ಬಾರದೆ ಉಳಿದ ವಸ್ತು ಒಂದೇ ಒಂದು. ಉಪ್ಪರಿಗೆಯ ಮೂಲೆಯಲ್ಲಿ ಹಳೆಯ ಪಂಚೆಯನ್ನು ಹೊದ್ದು ಕುಳಿತಿದ್ದ ಅಪ್ಪಯ್ಯನ ಗಣಕಯಂತ್ರ ಅದು. ಅದನ್ನು ಬೇಡವೆಂದವರಿಲ್ಲ, ಬೇಕೆಂದು ಕೇಳಿದವರೂ ಇಲ್ಲ. ಪಟ್ಟಿ ಬರೆಯುವಾಗ ಯಾರಿಗೂ ಅದರ ನೆನಪಾಗಲಿಲ್ಲ ಎನ್ನುವುದೇ ಸತ್ಯಕ್ಕೆ ಹತ್ತಿರವಾದ ಮಾತು.

ಅಪ್ಪಯ್ಯ ತೀರ್ಥಹಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ೧೯೯೯ರಲ್ಲಿ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಒಂದು ಭಾಗವನ್ನು ತೆಗೆದು ಈ ಯಂತ್ರವನ್ನು ಕೊಂಡರು. ಪೆಂಟಿಯಂ ೩ ಎಂಬ ಸಂಸ್ಕಾರಕ, ೬೪ ಮೆಗಾಬೈಟಿನ ಸ್ಮರಣೆ, ೧೦ ಗಿಗಾಬೈಟಿನ ಹಾರ್ಡ್ ಡಿಸ್ಕು. ಇವೆಲ್ಲವನ್ನೂ ನಡೆಸಿಕೊಂಡು ಹೋಗಲು ವಿಂಡೋಸ್ ೯೮. ಮೇಷ್ಟರಿಗೆ ಅರವತ್ತಕ್ಕೆ ಮೊದಲೇ ಅರಳುಮರಳೆಂದು ಊರಿನವರು ನಕ್ಕರು. ಅಪ್ಪಯ್ಯ ಉತ್ತರ ಕೊಡಲಿಲ್ಲ. ಮಧ್ಯಾಹ್ನದ ಊಟವಾದೊಡನೆ ಉಪ್ಪರಿಗೆಗೆ ಹೋಗಿ, ಎರಡು ಬೆರಳುಗಳಿಂದ ಕುಟ್ಟುತ್ತ ಕುಳಿತರು. ಹಾಗೆ ಆರು ವರ್ಷ ಕುಟ್ಟಿದರು.

ಅವರು ಬರೆಯುತ್ತಿದ್ದುದು ಕಥೆಯಲ್ಲ, ಕವಿತೆಯಲ್ಲ, ಮಾತುಗಳನ್ನು. ತಮ್ಮ ಕಣ್ಣೆದುರಿಗೇ ಬಳಕೆ ತಪ್ಪುತ್ತಿದ್ದ ಮಾತುಗಳನ್ನು. ಮಳೆಗೆ ಹೊದೆಯುವ ಎಲೆಯ ಗೊರಬು, ಬೇಲಿಯ ನಡುವಿನ ದಣಪೆ, ದನ ಮೇಯುವ ಬೇಣ, ಕಾಲಿಗೆ ಹತ್ತುವ ಉಂಬಳ, ಅಡಕೆಮರವೇರಿ ಗೊನೆ ಕೊಯ್ಯುವ ಕೊನೆಗಾರ. ಒಂದೊಂದು ಮಾತಿಗೂ ಅರ್ಥ ಬರೆದು, ಅದನ್ನು ಯಾರ ಬಾಯಿಂದ ಕೇಳಿದರು, ಯಾವ ಸಂದರ್ಭದಲ್ಲಿ ಕೇಳಿದರು ಎಂಬುದನ್ನೂ ಸೇರಿಸುತ್ತಿದ್ದರು. ಆ ಮಾತುಗಳನ್ನು ಆಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಗೊರಬೂ ಇಲ್ಲ, ಅದರ ಜಾಗಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ಆದ್ದರಿಂದ ಆ ಪೆಟ್ಟಿಗೆಯಲ್ಲಿದ್ದುದು ನಮ್ಮ ತಂದೆಯ ಬರವಣಿಗೆ ಮಾತ್ರವಲ್ಲ, ಒಂದು ಊರಿನ ನಾಲಗೆ ಎಂದರೂ ಸಲ್ಲುತ್ತದೆ.

ಈ ವಿಚಾರ ನನಗೆ ತಟ್ಟಿದುದು ತಡವಾಗಿ. ಅಪ್ಪಯ್ಯ ಹಿಂದೆ ನನಗೆ ಫ್ಲಾಪಿಯಲ್ಲಿ ಕಳುಹಿಸಿದ್ದ ಕಡತವೊಂದನ್ನು ಬೆಂಗಳೂರಿನಲ್ಲಿ ನನ್ನ ಹೊಸ ಯಂತ್ರದಲ್ಲಿ ತೆರೆದೆ. ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳೂ, ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ಯಾವುದೋ ದೇಶದ ಅಕ್ಷರಗಳೂ ಕಲಸಿಹೋಗಿ ಪುಟ ತುಂಬಿದ್ದುವು. ಇದಕ್ಕೆ ಕಾರಣವುಂಟು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಕೋಷ್ಟಕದ ಮೊದಲ ಆವೃತ್ತಿಯಲ್ಲಿ, ೧೯೯೧ರಲ್ಲೇ, ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ ಅದು ಮನೆಮನೆಯ ಯಂತ್ರಗಳಿಗೆ ಇಳಿದು ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕನ್ನಡದ ತಂತ್ರಾಂಶಗಳು ಇಂಗ್ಲಿಷಿನಂಥ ಲಿಪಿಗಳಿಗೆ ಮೀಸಲಾದ ಮನೆಗಳಲ್ಲಿ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳ ಚೂರುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದುವು. ಯಾವ ಚೂರು ಯಾವ ಮನೆಯಲ್ಲಿದೆ ಎಂಬುದು ಆಯಾ ತಂತ್ರಾಂಶಕ್ಕೆ ಮಾತ್ರ ಗೊತ್ತು. ಅಪ್ಪಯ್ಯ ಬಳಸಿದ ತಂತ್ರಾಂಶವಂತೂ, ಮುದ್ರಣಯಂತ್ರವನ್ನು ಜೋಡಿಸುವ ಕಿಂಡಿಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಬೀಗವೊಂದನ್ನು ಸಿಕ್ಕಿಸದ ಹೊರತು ಬಾಯಿ ಬಿಡುತ್ತಿರಲಿಲ್ಲ. ಹೊಸ ಯಂತ್ರಗಳಲ್ಲಿ ಆ ಕಿಂಡಿಯೇ ಇಲ್ಲ. ಹೀಗಾಗಿ ಆ ಮಾತುಗಳನ್ನು ಓದಬಲ್ಲ ಯಂತ್ರ ಲೋಕದಲ್ಲಿ ನಮಗೆ ಉಳಿದಿದ್ದುದು ಒಂದೇ: ಪಾಲುಪಟ್ಟಿಗೆ ಸೇರದ ಆ ಪೆಟ್ಟಿಗೆ.

೨೦೧೮ರ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಪಂಚೆಯನ್ನು ತೆಗೆದೆ. ಒಳಗೆ ಜೇಡ ಬಲೆ ಕಟ್ಟಿತ್ತು. ಇರುವೆಗಳು ಮನೆ ಮಾಡಿದ್ದುವು. ಬಣ್ಣ ಬಳಿಯುವ ಕುಂಚದಿಂದ ಧೂಳನ್ನು ಗುಡಿಸಿದೆ. ಸ್ಮರಣೆಯ ಹಲಗೆಯ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಗಡಿಯಾರವನ್ನು ನಡೆಸುವ ಬಿಲ್ಲೆಯಾಕಾರದ ಬ್ಯಾಟರಿ ಸತ್ತಿತ್ತು. ಪೇಟೆಯಿಂದ ಹೊಸದನ್ನು ತಂದು ಹಾಕಿದೆ. ಗುಂಡಿಯನ್ನು ಒತ್ತಿದಾಗ ಫ್ಯಾನು ಮುದುಕನಂತೆ ಕೆಮ್ಮಿ, ಅನಂತರ ಒಂದೇ ಸಮನೆ ತಿರುಗತೊಡಗಿತು. ವಿಂಡೋಸ್ ೯೮ರ ಮೋಡದ ಚಿತ್ರ ತೆರೆಯ ಮೇಲೆ ಮೂಡಿತು. ಬೀಗ ಸಿಕ್ಕಿಸಿದೆ, ಕಡತ ತೆರೆದೆ. ಗೊರಬು, ದಣಪೆ, ಬೇಣ, ಎಲ್ಲವೂ ಅಚ್ಚ ಕನ್ನಡದಲ್ಲಿ ಎದ್ದು ನಿಂತುವು. ಅಣ್ಣಯ್ಯ ಕನ್ನಡಕವನ್ನು ಒರೆಸಿಕೊಂಡು ಓದತೊಡಗಿದ.

ಆದರೆ ಓದುವುದು ಬೇರೆ, ಹೊರಗೆ ತರುವುದು ಬೇರೆ. ಫ್ಲಾಪಿಗಳಿಗೆ ಮಲೆನಾಡಿನ ಮಳೆಗಾಲಗಳು ಬೂಷ್ಟು ಹಿಡಿಸಿದ್ದುವು. ಪೆನ್ ಡ್ರೈವನ್ನು ಚುಚ್ಚಿದರೆ ವಿಂಡೋಸ್ ೯೮ ಅದನ್ನು ಗುರುತಿಸಲೇ ಇಲ್ಲ. ಅಂಥ ವಸ್ತು ಬರುವ ಮೊದಲೇ ಹುಟ್ಟಿದ ವ್ಯವಸ್ಥೆ ಅದು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣಯ್ಯನ ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

“ಚಿಕ್ಕಪ್ಪಯ್ಯ, ಇದಕ್ಕೆ ಓದಲು ಬರುತ್ತದೆ, ಹೊರಲು ಬರುವುದಿಲ್ಲ. ಲಿನಕ್ಸಿಗೆ ಹೊರಲು ಬರುತ್ತದೆ, ಇದನ್ನು ಓದಲು ಬರುವುದಿಲ್ಲ. ಎರಡನ್ನೂ ಇದೇ ಪೆಟ್ಟಿಗೆಯಲ್ಲಿ ಇಟ್ಟರಾಯಿತಲ್ಲ!” ಎಂದಳು.

ಅವಳ ಮಾತು ನನಗೆ ಹಿಡಿಸಿತು. ಗಣಕಯಂತ್ರವೆಂಬುದು ತನ್ನಷ್ಟಕ್ಕೆ ತಾನು ಬರಿಯ ಮನೆ. ಒಲೆ ಹೊತ್ತಿಸಿ, ಕಸ ಗುಡಿಸಿ, ಬಂದವರನ್ನು ವಿಚಾರಿಸಿ ಅದನ್ನು ನಡೆಸುವ ಸಂಸಾರವೇ ಕಾರ್ಯಾಚರಣ ವ್ಯವಸ್ಥೆ. ಒಂದು ಮನೆಯಲ್ಲಿ ಒಂದೇ ಸಂಸಾರವಿರಬೇಕೆಂಬ ಕಟ್ಟಳೆ ಮೊದಲಿನಿಂದಲೂ ಇರಲಿಲ್ಲ. ಐ.ಬಿ.ಎಂ. ಸಂಸ್ಥೆ ೧೯೮೩ರಲ್ಲಿ ೧೦ ಮೆಗಾಬೈಟಿನ ಹಾರ್ಡ್ ಡಿಸ್ಕನ್ನುಳ್ಳ ಎಕ್ಸ್‌ಟಿ ಎಂಬ ಯಂತ್ರವನ್ನು ತಂದಾಗಲೇ, ಒಂದೇ ಡಿಸ್ಕನ್ನು ಹಲವು ವ್ಯವಸ್ಥೆಗಳು ಹಂಚಿಕೊಂಡು ಬಾಳಲೆಂದು ಏರ್ಪಾಡು ಮಾಡಲಾಗಿತ್ತು. ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳಲ್ಲಿ ೬೪ ಬೈಟುಗಳು ಇದಕ್ಕೇ ಮೀಸಲು. ಒಂದು ಪಾಲಿಗೆ ೧೬ ಬೈಟಿನಂತೆ ನಾಲ್ಕು ಪಾಲುಗಳ ಆದಿ, ಅಂತ್ಯ, ಜಾತಿಗಳನ್ನು ಅದರಲ್ಲಿ ಬರೆದಿರುತ್ತಾರೆ. ಇದು ಡಿಸ್ಕಿನ ಪಾಲುಪಟ್ಟಿ. ನಾಲ್ಕು ಸಾಲದಾದಾಗ ಒಂದು ಪಾಲಿನೊಳಗೇ ಒಳಪಾಲುಗಳನ್ನು ಮಾಡಿಕೊಳ್ಳುವ ಉಪಾಯವನ್ನೂ ಮುಂದೆ ಕಂಡುಕೊಂಡರು. ಲಿನಕ್ಸಾದರೋ ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿ, ಅನೇಕರ ಕೈಸೇರಿ ಬೆಳೆದುದು. ಅದು ಬಡ ಯಂತ್ರದಲ್ಲೂ ಹೊಂದಿಕೊಂಡು ಬಾಳುತ್ತದೆ. ನಮ್ಮ ೬೪ ಮೆಗಾಬೈಟಿಗೆ ತಕ್ಕುದಾಗಿ, ೨೦೦೨ರಲ್ಲಿ ಬಿಡುಗಡೆಯಾದ ಡೆಬಿಯನ್ ಆವೃತ್ತಿಯನ್ನು ಅವಳು ಸಿ.ಡಿ.ಯಲ್ಲಿ ಬರೆದು ತಂದಳು.

ಎರಡು ಸಂಸಾರಗಳನ್ನು ಹೂಡುವಾಗ ಹಿರಿಯದನ್ನು ಮೊದಲು, ಕಿರಿಯದನ್ನು ಆಮೇಲೆ ಕೂರಿಸಬೇಕೆಂಬುದು ನಿಯಮ. ವಿಂಡೋಸ್ ೯೮ ಆಮೇಲೆ ಬಂದರೆ, ಬಾಗಿಲಲ್ಲಿ ಯಾರಿದ್ದಾರೆಂದು ಕೇಳದೆ ತನ್ನ ದ್ವಾರಪಾಲಕನನ್ನೇ ನಿಲ್ಲಿಸಿಬಿಡುತ್ತದೆ. ಅದು ಮೊದಲೇ ಅಲ್ಲಿದ್ದುದು ನಮ್ಮ ಪುಣ್ಯ. ಡಿಸ್ಕಿನಲ್ಲಿ ಮೂರು ಪಾಲುಗಳಿದ್ದುವು. ‘ಸಿ’ಯಲ್ಲಿ ವಿಂಡೋಸ್; ‘ಡಿ’ಯಲ್ಲಿ ಅಪ್ಪಯ್ಯನ ಬರಹ; ‘ಇ’ ಖಾಲಿ. ಈ ‘ಇ’ಯನ್ನು ಲಿನಕ್ಸಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಯಿತು.

ಗದ್ದೆಯ ಅಂಚು ಕಡಿಯುವ ಮೊದಲು ಅಪ್ಪಯ್ಯ ಬಾಂದುಕಲ್ಲುಗಳ ನಡುವೆ ಹೆಜ್ಜೆಯಿಟ್ಟು ಎಣಿಸಿ, ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. “ನೆನಪಿಗಿಂತ ಮಸಿ ಗಟ್ಟಿ” ಎನ್ನುತ್ತಿದ್ದರು. ಅವರ ಮೇಜಿನ ಮೇಲೆ ಅವರದೇ ಯಂತ್ರವನ್ನು ಬಿಚ್ಚಿಕೊಂಡು ಕುಳಿತಿದ್ದೆನಾದ ಕಾರಣ ಆ ಮಾತು ನೆನಪಾಗಿ, ನಾನೂ ಮೂರು ಸಾಲು ಬರೆದುಕೊಂಡೆ: ಸಿ, ೧ರಿಂದ ೫೧೦, ಡಿ, ೫೧೧ರಿಂದ ೮೮೦, ಇ, ೮೮೧ರಿಂದ ೧೨೪೫. ಇವು ಡಿಸ್ಕಿನ ಮೇಲಿನ ಸುತ್ತುಗಳ ಸಂಖ್ಯೆ.

ಇಷ್ಟು ಜಾಗರೂಕನಾದವನು ಮುಂದಿನ ಹೆಜ್ಜೆಯಲ್ಲೇ ಎಡವಿದೆ. ಲಿನಕ್ಸು ಪಾಲುಗಳನ್ನು ಅಕ್ಷರಗಳಿಂದ ಕರೆಯುವುದಿಲ್ಲ, ಸಂಖ್ಯೆಗಳಿಂದ ಕರೆಯುತ್ತದೆ. ಯಾವ ಪಾಲನ್ನು ತೆಗೆಯಬೇಕೆಂದು ಅದು ಕೇಳಿತು. ಇಂಗ್ಲಿಷಿನಲ್ಲಿ ಎ, ಬಿ, ಸಿ, ಡಿ, ಇ. ‘ಇ’ ಐದನೆಯ ಅಕ್ಷರ. ನಾನು ಐದು ಎಂದು ಒತ್ತಿದೆ. ತೆರವಾದ ಜಾಗದಲ್ಲಿ ಲಿನಕ್ಸಿನ ಹೆಸರಿಗೆ ಹೊಸ ಪಾಲನ್ನು ಬರೆದೆ; ಬರೆದುದನ್ನು ಖಾಯಂ ಮಾಡಿದೆ. ಮುಂದಿನ ಪ್ರಶ್ನೆ ಬಂತು: ಈ ಪಾಲಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಲೇ?

ಹೌದೆನ್ನಲು ಬೆರಳೆತ್ತಿದ್ದೆ. “ಚಿಕ್ಕಪ್ಪಯ್ಯ, ಸ್ವಲ್ಪ ತಾಳಿ. ಇದು ೫೧೧ರಿಂದ ಶುರುವಾಗುತ್ತಿದೆಯಲ್ಲ?” ಎಂದಳು ಹುಡುಗಿ. ನೋಟ್‌ಬುಕ್ಕನ್ನು ನೋಡಿದೆ. ೫೧೧ ‘ಡಿ’ಯ ಗಡಿ. ಲಿನಕ್ಸು ಒಂದರಿಂದ ನಾಲ್ಕರವರೆಗಿನ ಸಂಖ್ಯೆಗಳನ್ನು ಮುಖ್ಯ ಪಾಲುಗಳಿಗೆ ಕಾಯ್ದಿರಿಸಿ ಒಳಪಾಲುಗಳನ್ನು ಐದರಿಂದ ಎಣಿಸುತ್ತದೆ. ಮೊದಲನೆಯ ಒಳಪಾಲು ‘ಡಿ’, ಅದೇ ಐದು. ನಾನು ತೆಗೆದುಹಾಕಿದುದು ಅಪ್ಪಯ್ಯನ ಆರು ವರ್ಷಗಳನ್ನು.

ಎಷ್ಟು ಹೊತ್ತು ಹಾಗೆಯೇ ಕುಳಿತಿದ್ದೆನೋ ತಿಳಿಯದು. ಕೆಳಗೆ ಅಣ್ಣಯ್ಯ ಯಾರೊಡನೆಯೋ, ಅಪ್ಪಯ್ಯ ಬರೆದಿಟ್ಟದ್ದು ಪುಸ್ತಕವಾಗುತ್ತದಂತೆ ಎಂದು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಮೊದಲೇ ಇಡೀ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಅದರ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಬೇಕಾಗಿತ್ತು. ಬಲ್ಲವರು ಮಾಡುವ ಮೊದಲ ಕೆಲಸ ಅದು; ಅವಸರದಲ್ಲಿ ನಾನು ಮಾಡದ ಕೆಲಸ.

ನನ್ನ ಅಣ್ಣನ ಮಗಳು ನನಗಿಂತ ಧೈರ್ಯಸ್ಥೆ. “ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ಗದ್ದೆ ಎಲ್ಲಿಗೆ ಹೋಗುತ್ತದೆ?” ಎಂದಳು. ಅವಳ ಮಾತಿನಲ್ಲಿ ಶಾಸ್ತ್ರವಿತ್ತು. ಪಾಲನ್ನು ತೆಗೆದುಹಾಕುವುದೆಂದರೆ ಪಟ್ಟಿಯಲ್ಲಿನ ಒಂದು ನಮೂದನ್ನು ಅಳಿಸುವುದು, ಅಷ್ಟೆ. ಪಾಲಿನೊಳಗಿನ ಬರಹವನ್ನು ಅದು ಮುಟ್ಟುವುದಿಲ್ಲ. ಅದರ ಮೇಲೆ ಬೇರೊಂದು ಸಂಸಾರ ಉತ್ತು ಬಿತ್ತಿದರೆ ಮಾತ್ರ ಹಳೆಯ ಬೆಳೆ ಹೋಗುತ್ತದೆ. ಅಳಿಸಲೇ ಎಂಬ ಪ್ರಶ್ನೆಗೆ ಹೌದೆಂದಿದ್ದರೆ ಅದೇ ಆಗುತ್ತಿತ್ತು. ನಾವು ಹೌದೆಂದಿರಲಿಲ್ಲ. ಬೇಡವೆಂದು ಒತ್ತಿ ಹಿಂದಿರುಗಿದೆವು. ನೋಟ್‌ಬುಕ್ಕಿನ ಅಂಕಿಗಳನ್ನು ಮುಂದಿಟ್ಟುಕೊಂಡು ‘ಡಿ’ಯ ಆದಿ ಅಂತ್ಯಗಳನ್ನು ಇದ್ದಂತೆಯೇ ಬರೆದು, ಜಾತಿಯನ್ನೂ ಮೊದಲಿನದಕ್ಕೆ ತಿರುಗಿಸಿದೆವು. ಒಂದು ಸುತ್ತು ಆಚೀಚೆಯಾಗಿದ್ದರೂ ಬಾಗಿಲು ಗೋಡೆಗೆ ಎದುರಾಗುತ್ತಿತ್ತು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆವು. ಮೋಡದ ಚಿತ್ರ ಬಂತು. ‘ಡಿ’ಯನ್ನು ತೆರೆದೆವು. ಕಡತಗಳು, ಏನೂ ನಡೆದೇ ಇಲ್ಲವೆಂಬಂತೆ, ಸಾಲಾಗಿ ಕುಳಿತಿದ್ದುವು. ನಾನು ಕೆಳಗಿಳಿದು ಹೋಗಿ ಒಂದು ತಂಬಿಗೆ ನೀರು ಕುಡಿದು ಬಂದೆ.

ಆಮೇಲಿನ ಕೆಲಸ ನಿಧಾನವಾಗಿ, ಸರಿಯಾಗಿ ಆಯಿತು. ‘ಇ’ಯ ಜಾಗದಲ್ಲಿ ಲಿನಕ್ಸು ನೆಲೆಸಿತು. ಬಾಗಿಲಲ್ಲಿ ಲಿಲೊ ಎಂಬ ಪುಟ್ಟ ದ್ವಾರಪಾಲಕ ನಿಂತು, ಯಂತ್ರ ಹೊತ್ತಿದೊಡನೆ ಇಂದು ಯಾರ ಸರದಿ ಎಂದು ಕೇಳತೊಡಗಿದ. ಹಗಲು ವಿಂಡೋಸಿನಲ್ಲಿ ಕುಳಿತು, ಬೀಗವನ್ನು ಸಿಕ್ಕಿಸಿ, ಒಂದೊಂದೇ ಕಡತವನ್ನು ತೆರೆದು ಬರಿಯ ಅಕ್ಷರಗಳ ರೂಪದಲ್ಲಿ ಉಳಿಸುವುದು. ಸಂಜೆ ಲಿನಕ್ಸಿನಲ್ಲಿ ಕುಳಿತು ಅವನ್ನು ಪೆನ್ ಡ್ರೈವಿಗೆ ಹೊರಿಸುವುದು. ಲಿನಕ್ಸಿಗೆ ವಿಂಡೋಸಿನ ಕೋಣೆಯೊಳಗೆ ಹೋಗಿ ಬರಲು ತಿಳಿದಿದೆ. ವಿಂಡೋಸಿಗೆ ಲಿನಕ್ಸಿನ ಕೋಣೆ ಇರುವುದೇ ಕಾಣುವುದಿಲ್ಲ. ಹಿರಿಯರಿಗೆ ಕಿರಿಯರ ಭಾಷೆ ತಿಳಿಯದಿದ್ದರೂ, ಕಿರಿಯರು ಹಿರಿಯರ ಭಾಷೆಯನ್ನು ಕಲಿತಿದ್ದರೆ ಮನೆ ನಡೆಯುತ್ತದೆ. ಹುಡುಗಿ ಯಾವ ಚೂರು ಯಾವ ಮನೆಯಲ್ಲಿದೆ ಎಂದು ಕೋಷ್ಟಕ ಮಾಡಿ, ಹಳೆಯ ಚೂರುಗಳನ್ನು ಯೂನಿಕೋಡ್ ಕನ್ನಡಕ್ಕೆ ತಿರುಗಿಸುವ ಸಣ್ಣ ಕ್ರಮವಿಧಿಯನ್ನು ಬರೆದಳು. ರಜೆ ಮುಗಿಯುವುದರೊಳಗೆ ಸಾವಿರದ ಎಂಟುನೂರಕ್ಕೂ ಮಿಕ್ಕ ಮಾತುಗಳು ಹೊರಬಂದುವು. ಒಂದಲ್ಲ, ಮೂರು ಪ್ರತಿಗಳನ್ನು ಮಾಡಿ ಮೂವರ ಮನೆಗಳಲ್ಲಿ ಇಟ್ಟೆವು.

ಕೊನೆಯ ದಿನ ತಿದ್ದುತ್ತಿದ್ದಾಗ ‘ದಣಪೆ’ ಎಂಬ ಮಾತಿನ ಮುಂದೆ ಅಪ್ಪಯ್ಯ ಬರೆದಿದ್ದುದನ್ನು ಅಣ್ಣಯ್ಯ ಗಟ್ಟಿಯಾಗಿ ಓದಿದ: “ಬೇಲಿಯಲ್ಲಿ ಬಿಟ್ಟ ದಾರಿ. ದನ ದಾಟಬಾರದು, ಜನ ದಾಟಬೇಕು.” ಗಡಿಯೂ ಇರಬೇಕು, ಗಡಿಯಲ್ಲಿ ದಾರಿಯೂ ಇರಬೇಕು. ಪಾಲು ಮಾಡಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಒಟ್ಟಿಗೆ ಅಷ್ಟು ದಿನ ಕುಳಿತುದು ಅದೇ ಮೊದಲು.

ಹೊರಡುವಾಗ, ಇನ್ನು ಈ ಪೆಟ್ಟಿಗೆಯನ್ನು ಏನು ಮಾಡುವುದೆಂದು ಕೇಳಿದೆ. ಅಣ್ಣಯ್ಯ ಅದರ ಮೇಲೆ ಪಂಚೆಯನ್ನು ಹೊದಿಸುತ್ತ, “ಅದು ಯಾರ ಪಾಲಿಗೂ ಬಂದಿಲ್ಲವಲ್ಲ, ಎಲ್ಲರದಾಗಿ ಇಲ್ಲೇ ಇರಲಿ” ಎಂದ. ಈ ಸಲ ಹೊದಿಸಿದುದು ಒಗೆದು ಮಡಿ ಮಾಡಿದ ಪಂಚೆ. ಅದರ ಪಕ್ಕದಲ್ಲಿ ಮೂರು ಸಾಲು ಅಂಕಿಗಳಿರುವ ನೋಟ್‌ಬುಕ್ಕನ್ನು ಇಟ್ಟು ನಾನು ಮೆಟ್ಟಲಿಳಿದೆ.