ಪೇಟೆಯ ಬೀದಿಯಲ್ಲಿ ಎರಡು ಗಾಲಿಗೆ ಎಡೆ

ಬೆಂಗಳೂರಿನ ಹಳೆಯ ಪೇಟೆಯು ನೇಗಿಲ ಗೆರೆಯಿಂದ ಹುಟ್ಟಿತೆಂಬ ಐತಿಹ್ಯವುಂಟು. ೧೫೩೭ರಲ್ಲಿ ಕೆಂಪೇಗೌಡನು ಊರು ಕಟ್ಟಲು ಸಂಕಲ್ಪಿಸಿ, ಇಂದಿನ ಅವೆನ್ಯೂ ರಸ್ತೆಯೂ ಚಿಕ್ಕಪೇಟೆಯೂ ಕೂಡುವ ಚೌಕದಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೂ ಗೆರೆ ಎಳೆಯಿಸಿದನಂತೆ. ಆ ಗೆರೆಗಳೇ ಬೀದಿಗಳಾದುವು. ಅಂದು ಎತ್ತಿನ ಜೋಡಿಗೆ ಧಾರಾಳವಾಗಿದ್ದ ಆ ಅಗಲದಲ್ಲಿಯೇ ಇಂದು ಕಾರು, ಆಟೋರಿಕ್ಷಾ, ಸಾಮಾನಿನ ವ್ಯಾನು, ಕೈಗಾಡಿ, ಮೂಟೆ ಹೊತ್ತ ಹಮಾಲಿ, ಸೀರೆ ಕೊಳ್ಳಲು ಬಂದ ಸಂಸಾರಗಳು, ಇವೆಲ್ಲದರ ನಡುವೆ ಲೆಕ್ಕವಿಲ್ಲದಷ್ಟು ಮೋಟಾರು ಸೈಕಲುಗಳು. ಪೇಟೆಯನ್ನು ಹೊಕ್ಕವನಿಗೆ ಬೇಕಾದುದು ಸಿಕ್ಕೇ ಸಿಕ್ಕುತ್ತದೆ. ಸಿಕ್ಕದೆ ಇರುವುದು ಒಂದೇ, ಹೊತ್ತು ತಂದ ವಾಹನವನ್ನು ನಿಲ್ಲಿಸಲು ನೆಮ್ಮದಿಯ ಎಡೆ.

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಅವೆನ್ಯೂ ರಸ್ತೆಯನ್ನು ಒಮ್ಮೆ ನಡೆದು ನೋಡಬೇಕು. ಹಿಂದೆ ಇದಕ್ಕೆ ದೊಡ್ಡಪೇಟೆಯೆಂದು ಹೆಸರು. ಪಠ್ಯಪುಸ್ತಕದ ಅಂಗಡಿಗಳು, ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳ ರಾಶಿ, ನಡುವೆ ರೈಸ್ ಸ್ಮಾರಕ ಚರ್ಚು. ಪಕ್ಕಕ್ಕೆ ಹೊರಳಿದರೆ ರೇಷ್ಮೆ ಸೀರೆಯ ಚಿಕ್ಕಪೇಟೆ, ಲಗ್ನಪತ್ರಿಕೆಗಳ ಸುಲ್ತಾನಪೇಟೆ. ಮದುವೆಯ ಮನೆಯವರು ಒಂದಲ್ಲ ಒಂದು ದಿನ ಇಲ್ಲಿಗೆ ಬಂದೇ ತೀರಬೇಕು. ಅಂಗಡಿಗಳ ಮುಂದೆ ಮೋಟಾರು ಸೈಕಲುಗಳು ಪಂಕ್ತಿಯ ಊಟಕ್ಕೆ ಕುಳಿತವರಂತೆ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ತುದಿಯಲ್ಲಿರುವ ಒಂದಕ್ಕೆ ವ್ಯಾನಿನ ಹಿಂಬದಿ ಸೋಕಿದರೆ ಸಾಕು, ಪಂಕ್ತಿಯೆಲ್ಲ ಒಂದರ ಮೇಲೊಂದು ಒರಗುತ್ತದೆ. ಗುದ್ದಿದವನು ತಿರುಗಿ ನೋಡುವನೋ ಇಲ್ಲವೋ, ಅದು ಅವನ ಅಂತಃಕರಣಕ್ಕೆ ಬಿಟ್ಟ ಮಾತು.

ಆದುದರಿಂದ ನಿಲ್ಲಿಸುವವನು ತನ್ನ ಜಾಗರೂಕತೆಯನ್ನು ತಾನೇ ನೋಡಿಕೊಳ್ಳಬೇಕು. ತಿರುವಿನಲ್ಲಿ, ಕೂಡು ರಸ್ತೆಯ ಬಾಯಲ್ಲಿ, ಬಸ್ ನಿಲ್ದಾಣದ ಬಳಿ, ಪಾದಚಾರಿಗಳು ದಾಟುವ ಪಟ್ಟೆಯ ಮೇಲೆ, ಕಾಲುದಾರಿಯ ಮೇಲೆ ವಾಹನ ನಿಲ್ಲಿಸುವುದು ನಿಯಮಕ್ಕೆ ವಿರುದ್ಧ, ಬುದ್ಧಿಗೂ ವಿರುದ್ಧ. ಏಕೆಂದರೆ ಗುದ್ದು ಬೀಳುವುದೂ ಹೆಚ್ಚಾಗಿ ಅಲ್ಲಿಯೇ. ಸಾಮಾನು ಇಳಿಸುವ ಮಳಿಗೆಯ ಎದುರನ್ನೂ ಬಿಡುವುದು ಲೇಸು. ಅಲ್ಲಿ ವ್ಯಾನುಗಳು ಹಿಂದಕ್ಕೆ ಚಲಿಸುತ್ತವೆ, ಹಿಂದಕ್ಕೆ ಚಲಿಸುವ ಚಾಲಕನ ಕಣ್ಣಿಗೆ ತಗ್ಗಾದ ಮೋಟಾರು ಸೈಕಲು ಬೀಳದೆ ಹೋಗಬಹುದು. ಬೆಳಕಿರುವ ಕಡೆ, ಜನರ ಕಣ್ಣಿರುವ ಕಡೆ, ಅಂಗಡಿಯ ಕ್ಯಾಮೆರಾ ನೋಡುವ ಕಡೆ, ಸಾಲಿನ ತುದಿಗಿಂತ ನಡುವೆ ನಿಲ್ಲಿಸುವುದು ಒಳ್ಳೆಯದು.

ನಿಲ್ಲಿಸುವ ರೀತಿಯಲ್ಲಿಯೂ ಒಂದು ವಿದ್ಯೆಯುಂಟು. ಹಿಂದಿನ ಗಾಲಿಯನ್ನು ರಸ್ತೆಯಂಚಿಗೆ ಕೊಟ್ಟು ಮುಖವನ್ನು ರಸ್ತೆಯ ಕಡೆಗೆ ಇಟ್ಟರೆ ಹೊರಡುವಾಗ ದಾರಿ ಕಾಣುತ್ತದೆ. ಇಳಿಜಾರಿನಲ್ಲಿ ಮುಂಗಾಲಿಯು ಏರಿನ ಕಡೆಗಿರಲಿ, ಗಾಡಿಯು ಮೊದಲನೆಯ ಗೇರಿನಲ್ಲಿರಲಿ. ಇಲ್ಲದಿದ್ದರೆ ಅದು ಮೆಲ್ಲಗೆ ಮುಂದೆ ಸರಿದು, ಪಕ್ಕದ ಸ್ಟ್ಯಾಂಡು ತಾನಾಗಿಯೇ ಮಡಚಿಕೊಳ್ಳುತ್ತದೆ. ಸಮನಾದ ಗಟ್ಟಿ ನೆಲದಲ್ಲಿ ನಡುವಣ ಸ್ಟ್ಯಾಂಡು ಹಾಕಿದರೆ ಎಡೆಯೂ ಕಡಿಮೆ ಸಾಕು, ನಿಲುವೂ ನೆಟ್ಟಗೆ. ಬೇಸಗೆಯ ಮಧ್ಯಾಹ್ನ ಟಾರು ಮೆತ್ತಗಾಗಿ ಪಕ್ಕದ ಸ್ಟ್ಯಾಂಡಿನ ಕಾಲು ಹೂತುಹೋಗುವುದುಂಟು. ಆಗ ಅದರ ಅಡಿಗೆ ಒಂದು ಚಪ್ಪಟೆ ಕಲ್ಲನ್ನೋ ಹಲಗೆಯ ಚೂರನ್ನೋ ಇಡಬೇಕು. ಹ್ಯಾಂಡಲಿಗೆ ಬೀಗ ಹಾಕುವುದನ್ನು ಎಂದೂ ಮರೆಯಬಾರದು. ಇಷ್ಟಾದ ಮೇಲೆ ಪಕ್ಕದ ಗಾಡಿಯವನು ತನ್ನದನ್ನು ಹೊರತೆಗೆಯಲು ಒಂದು ಮೊಳ ಎಡೆ ಬಿಟ್ಟರೆ ಅವನ ಕೋಪವೂ ನಮ್ಮ ಕನ್ನಡಿಯೂ ಉಳಿಯುತ್ತವೆ.

ಇಷ್ಟು ಎಚ್ಚರಿಕೆಯಿದ್ದರೂ ವಿಧಿ ಬೇರೆಯಾಗಿರುವುದುಂಟು. ನಮ್ಮ ಅಕ್ಕನ ಮಗನ ಬಳಿ ಅವನ ತಂದೆಯವರು ಬಿಟ್ಟುಹೋದ ಹಳೆಯ ಜಾವಾ ಒಂದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ ಜಾವಾಗಳನ್ನು ತಯಾರಿಸತೊಡಗಿ, ೧೯೭೩ರ ಸುಮಾರಿಗೆ ಯೆಜ್ಡಿ ಎಂಬ ಹೆಸರಿಗೆ ಬದಲಾಗಿ, ೧೯೯೬ರಲ್ಲಿ ಬಾಗಿಲು ಮುಚ್ಚಿತು. ಒದೆದು ಚಾಲನೆ ಮಾಡುವ ಸನ್ನೆಯೇ ಗೇರಿನ ಸನ್ನೆಯೂ ಆಗಿರುವ ಗಾಡಿ ಅದು. ಅದರ ಟ್ಯಾಂಕಿನ ಮೇಲೆ ಕುಳಿತು ಆ ಹುಡುಗನು ಬಾಲ್ಯದಲ್ಲಿ ಶಾಲೆಗೆ ಹೋಗಿಬಂದವನು. ತಂಗಿಯ ಲಗ್ನಪತ್ರಿಕೆಯ ಕರಡನ್ನು ನೋಡಲು ಅವನು ಸುಲ್ತಾನಪೇಟೆಗೆ ಬಂದು, ಸರಿಯಾದ ಎಡೆಯಲ್ಲಿ ಗಾಡಿಯನ್ನು ನಿಲ್ಲಿಸಿ ಒಳಗೆ ಹೋಗಿದ್ದನು. ಮರಳಿ ಬಂದಾಗ ಅದು ಮಗ್ಗುಲಾಗಿ ಬಿದ್ದಿತ್ತು. ಟ್ಯಾಂಕು ಒಳಕ್ಕೆ ಹೋಗಿತ್ತು, ಪೆಟ್ರೋಲು ಹನಿಹನಿಯಾಗಿ ಸೋರುತ್ತಿತ್ತು.

ಅವನು ನಮಗೆ ದೂರವಾಣಿ ಮಾಡಿ, “ಮಾವ, ಅಪ್ಪನ ಗಾಡಿ...” ಎಂದವನು ಮುಂದೆ ಮಾತನಾಡಲಾರದೆ ಹೋದನು. ನಾವು ಹೋಗಿ ಸೇರುವಷ್ಟರಲ್ಲಿ, ಎದುರಿಗೆ ಹಳೆಯ ಪುಸ್ತಕ ಹರಡಿಕೊಂಡಿದ್ದ ವೃದ್ಧರೊಬ್ಬರು ಅವನನ್ನು ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. “ಸಾಮಾನಿನ ವ್ಯಾನು ಸ್ವಾಮಿ. ಹಿಂದಕ್ಕೆ ಬಂದು ಗುದ್ದಿ ಹೋಗ್ಬಿಟ್ಟ. ಕೂಗಿದೆ, ನಿಲ್ಲಲಿಲ್ಲ. ನಂಬರು ಬರ್ಕೊಂಡಿದ್ದೀನಿ” ಎಂದು ಒಂದು ಹಳೆಯ ವ್ಯಾಕರಣ ಪುಸ್ತಕದ ರಟ್ಟಿನ ಒಳಬದಿಯನ್ನು ತೋರಿಸಿದರು. ಅಂಕಿಗಳೆಲ್ಲ ಸ್ಪಷ್ಟವಾಗಿದ್ದುವು. ಆ ಪುಸ್ತಕವನ್ನು ಕೊಂಡುಕೊಳ್ಳುತ್ತೇವೆಂದರೆ ಅವರು ಹಣ ಮುಟ್ಟಲಿಲ್ಲ.

ಇಂತಹ ಸಂದರ್ಭದಲ್ಲಿ ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವಿದೆ. ಪೆಟ್ರೋಲು ಸೋರುತ್ತಿದ್ದರೆ ಮೊದಲು ಬೆಂಕಿಯ ಭಯವನ್ನು ನೋಡಬೇಕು. ಬೀಡಿ ಸಿಗರೇಟಿನವರನ್ನು ದೂರವಿಟ್ಟು ಗಾಡಿಯನ್ನು ಎತ್ತಬೇಕು. ಸೋರಿಕೆಯಿಲ್ಲದಿದ್ದರೆ ಎತ್ತುವ ಮೊದಲೇ ಬಿದ್ದ ಸ್ಥಿತಿಯಲ್ಲಿ ನಾಲ್ಕು ಕಡೆಯಿಂದಲೂ ಛಾಯಾಚಿತ್ರ ತೆಗೆದುಕೊಳ್ಳಬೇಕು. ಹತ್ತಿದ ಬಣ್ಣದ ಗುರುತು, ಒಡೆದ ಗಾಜಿನ ಚೂರು, ನೆಲದ ಮೇಲಿನ ಗೀರು, ಎಲ್ಲವೂ ಸಾಕ್ಷಿಯೇ. ನೋಡಿದವರ ಹೆಸರು, ಹೊತ್ತು, ವಾಹನದ ಸಂಖ್ಯೆಗಳನ್ನು ಆಗಲೇ ಬರೆದಿಡಬೇಕು. ಅಕ್ಕಪಕ್ಕದ ಅಂಗಡಿಯವರನ್ನು ಅದೇ ದಿನ ಕೇಳಿ ಕ್ಯಾಮೆರಾದ ಚಿತ್ರವನ್ನು ಉಳಿಸಿಕೊಳ್ಳಬೇಕು. ಹಲವು ಯಂತ್ರಗಳಲ್ಲಿ ಹೊಸ ಚಿತ್ರವು ಹಳೆಯದನ್ನು ಅಳಿಸಿಬಿಡುತ್ತದೆ. ಬಳಿಕ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೩೪ನೆಯ ಪ್ರಕರಣದಂತೆ, ಅಪಘಾತದಲ್ಲಿ ಮನುಷ್ಯನಿಗೆ ಗಾಯವಾದಾಗ ಮಾತ್ರವಲ್ಲ, ಇನ್ನೊಬ್ಬರ ಸ್ವತ್ತಿಗೆ ಹಾನಿಯಾದಾಗಲೂ ಚಾಲಕನಿಗೆ ಹೊಣೆಯುಂಟು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ ೨೪ ಗಂಟೆಗಳೊಳಗೆ, ಹತ್ತಿರದ ಠಾಣೆಗೆ ವಿಷಯ ತಿಳಿಸಬೇಕು. ತಪ್ಪಿದರೆ ಅದೂ ಅಪರಾಧವೇ. ಗುದ್ದಿ ಓಡಿಹೋದ ಪ್ರಕರಣಗಳಿಗೆ ಇದೇ ಕಾಯಿದೆಯಲ್ಲಿ ಗೊತ್ತುಮಾಡಿರುವ ಪರಿಹಾರವು, ಅಂದರೆ ಮರಣಕ್ಕೆ ೨ ಲಕ್ಷ ಹಾಗೂ ತೀವ್ರ ಗಾಯಕ್ಕೆ ೫೦,೦೦೦ ರೂಪಾಯಿಗಳು, ಮನುಷ್ಯರಿಗೆ ಮಾತ್ರ ಸಲ್ಲುತ್ತದೆ, ಬಗ್ಗಿದ ಟ್ಯಾಂಕಿಗಲ್ಲ. ಟ್ಯಾಂಕಿಗೆ ಪರಿಹಾರ ಬೇಕಾದರೆ ಗುದ್ದಿದವನು ಪತ್ತೆಯಾಗಬೇಕು. ಪತ್ತೆಯಾದರೆ ಅವನ ವಿಮೆಯಿಂದ ಕೇಳುವ ಹಕ್ಕಿದೆ.

ಪತ್ತೆಯಾಗದಿದ್ದರೆ ನಮ್ಮ ವಿಮೆಯೇ ಗತಿ. ಇಲ್ಲಿ ಅನೇಕ ಸಂಸಾರಗಳು ಅರಿಯದೆ ಇರುವ ಒಂದು ಮಾತಿದೆ. ಕಾಯಿದೆಯು ಕಡ್ಡಾಯ ಮಾಡಿರುವ ವಿಮೆಯು ನಮ್ಮ ವಾಹನದಿಂದ ಪರರಿಗಾಗುವ ನಷ್ಟಕ್ಕೆ ಮಾತ್ರ. ನಮ್ಮ ವಾಹನಕ್ಕೇ ಆದ ಜಖಮಿಗೆ ಹಣ ಬರಬೇಕಾದರೆ ಸ್ವಂತ ಹಾನಿಯೂ ಸೇರಿದ ಪಾಲಿಸಿ ಬೇಕು. ಅಂತಹ ಪಾಲಿಸಿಯಿದ್ದವರು ರಿಪೇರಿಗೆ ಕೈಹಾಕುವ ಮೊದಲೇ ಕಂಪನಿಗೆ ತಿಳಿಸಿ, ಪರಿಶೀಲಕರು ನೋಡುವವರೆಗೆ ಕಾಯಬೇಕು. ಜಖಮು ಸಣ್ಣದಾದರೆ ಮಾತ್ರ ಒಮ್ಮೆ ಲೆಕ್ಕ ಹಾಕುವುದು ಜಾಣತನ. ಒಂದು ವರ್ಷ ಹಣ ಕೇಳದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ ೨೦ರಷ್ಟು ರಿಯಾಯಿತಿ ದೊರೆತು, ಐದು ವರ್ಷಗಳಲ್ಲಿ ಅದು ೫೦ಕ್ಕೆ ಏರುತ್ತದೆ. ಕನ್ನಡಿಯ ಬೆಲೆಗಾಗಿ ಅದನ್ನು ಕಳೆದುಕೊಳ್ಳುವುದು ಲಾಭವಲ್ಲ.

ನಮ್ಮ ಹುಡುಗನ ಬಳಿ ಕಡ್ಡಾಯದ ವಿಮೆ ಮಾತ್ರವಿತ್ತು. ಆದುದರಿಂದ ಆ ರಟ್ಟಿನ ಮೇಲಿನ ಅಂಕಿಗಳೇ ಅವನಿಗೆ ಆಸರೆಯಾದುವು. ಠಾಣೆಯವರು ವ್ಯಾನಿನ ಒಡೆಯರನ್ನು ಕರೆಸಿದರು. ಅವರು ಚಾಲಕನನ್ನೂ ಜೊತೆಗೆ ಕರೆತಂದರು. ಅವನು ಇಪ್ಪತ್ತು ತುಂಬಿರದ ತರುಣ, ಕೆಲಸ ಹೋದೀತೆಂಬ ಹೆದರಿಕೆಯಿಂದ ಓಡಿದವನು. ಒಡೆಯರು ರಿಪೇರಿಯ ವೆಚ್ಚವನ್ನೆಲ್ಲ ಕೊಟ್ಟರು. ಹುಡುಗನು, “ಇವನನ್ನು ಕೆಲಸದಿಂದ ತೆಗೆಯಬೇಡಿ” ಎಂದಷ್ಟೇ ಕೇಳಿಕೊಂಡನು.

ಪುರಭವನದಿಂದ ಮುಂದೆ ಜೆ.ಸಿ. ರಸ್ತೆಗೆ ಹೋದರೆ ವಾಹನಗಳ ಬಿಡಿಭಾಗಗಳದೇ ಒಂದು ಲೋಕ. ಬಿದ್ದ ಗಾಡಿಯನ್ನು ಅಲ್ಲಿಗೆ ಓಡಿಸಿಕೊಂಡು ಹೋಗುವ ಮೊದಲು ಮುಂಗಾಲಿಯೂ ಹ್ಯಾಂಡಲೂ ನೇರವಾಗಿವೆಯೇ, ಬ್ರೇಕು ಕ್ಲಚ್ಚುಗಳ ಹಿಡಿಗಳು ಬಗ್ಗಿಲ್ಲವೇ, ದೀಪ ಹತ್ತುತ್ತದೆಯೇ ಎಂದು ನೋಡಬೇಕು. ಸಂದೇಹವಿದ್ದರೆ ಸಾಗಿಸುವ ಗಾಡಿಯ ಬಾಡಿಗೆಯೇ ಅಗ್ಗ. ಜಾವಾದ ಟ್ಯಾಂಕನ್ನು ನುರಿತ ಕೈಯೊಂದು ಬಡಿದು ಸರಿಪಡಿಸಿತು. ಬೆಳಕಿಗೆ ಓರೆಯಾಗಿ ಹಿಡಿದರೆ ಇಂದಿಗೂ ಸಣ್ಣ ತಗ್ಗೊಂದು ಕಾಣುತ್ತದೆ.

ಪೇಟೆಗೆ ವಾಹನವಿಲ್ಲದೆಯೂ ಹೋಗಬಹುದು. ೨೦೧೭ರ ಜೂನ್ ತಿಂಗಳಿನಿಂದ ಚಿಕ್ಕಪೇಟೆಯಲ್ಲಿಯೂ ಮಾರುಕಟ್ಟೆಯ ಬಳಿಯೂ ನೆಲದಡಿಯ ಮೆಟ್ರೋ ನಿಲ್ದಾಣಗಳಿವೆ. ಹೋಗಲೇಬೇಕೆಂಬವರು ತಮ್ಮ ಗಾಡಿಗೆ ಕಣ್ಣಿಡುವಂತೆಯೇ ಪಕ್ಕದವರ ಗಾಡಿಗೂ ಒಂದಿಷ್ಟು ಕಣ್ಣಿಡಲಿ. ಯಾರದೋ ವಾಹನ ಬಿದ್ದಾಗ ಅಂಕಿಯೊಂದನ್ನು ಬರೆದಿಟ್ಟುಕೊಳ್ಳಲು ಬೇಕಾದುದು ಒಂದು ಪೆನ್ಸಿಲು, ಒಂದು ನಿಮಿಷ. ತಮ್ಮಿಂದಲೇ ಬಿದ್ದಿದ್ದರೆ ಹೆಸರೂ ದೂರವಾಣಿ ಸಂಖ್ಯೆಯೂ ಬರೆದ ಚೀಟಿಯನ್ನು ಸಿಕ್ಕಿಸಿ, ಠಾಣೆಗೂ ತಿಳಿಸುವುದು. ಬೀದಿಯ ಅಗಲವನ್ನು ಕೆಂಪೇಗೌಡನ ಕಾಲಕ್ಕೆ ಹಿಂದಿರುಗಿ ಹಿಗ್ಗಿಸುವಂತಿಲ್ಲ. ಅದರಲ್ಲಿ ನಡೆಯುವವರ ಮನಸ್ಸನ್ನು ಹಿಗ್ಗಿಸಲು ಅಡ್ಡಿಯೇನಿದೆ?